ಎಂಜಿನಿಯರ್‌ಗಳಿಗೆ ಬಿಡುವು ಬೇಕು

1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ದಿನದ ಕೆಲಸವನ್ನು 9 ಗಂಟೆಯಿಂದ 10ಕ್ಕೆ, ಹೆಚ್ಚುವರಿ ದುಡಿಮೆಯೂ ಸೇರಿ 12ಕ್ಕೆ ಏರಿಸುವ ಪ್ರಸ್ತಾವವನ್ನು ಕರ್ನಾಟಕದ ಕಾರ್ಮಿಕ ಇಲಾಖೆ 2025ರ ಜೂನ್‌ನಲ್ಲಿ ಚರ್ಚೆಗೆ ಇಟ್ಟಿತು. ಮೂರು ತಿಂಗಳಿಗೆ 50 ಗಂಟೆಯಿದ್ದ ಹೆಚ್ಚುವರಿ ದುಡಿಮೆಯ ಮಿತಿಯನ್ನು 144ಕ್ಕೆ ಏರಿಸುವುದೂ ಇದರಲ್ಲಿ ಸೇರಿತ್ತು. ಹಿಂದಿನ ವರ್ಷ ಐಟಿ ವಲಯಕ್ಕೆ ದಿನಕ್ಕೆ 14 ಗಂಟೆ ದುಡಿಮೆಯ ಮಾತು ಬಂದಾಗಲೂ ನೌಕರರ ಸಂಘ ಕೆಐಟಿಯು ತೀವ್ರವಾಗಿ ವಿರೋಧಿಸಿತ್ತು.

ಬೆಂಗಳೂರಿನ ಇಂದಿರಾನಗರದ ಅಂಚಿನಿಂದ ಕೆ.ಆರ್. ಪುರದವರೆಗೆ ಹಳೇ ಮದ್ರಾಸ್ ರಸ್ತೆಯ ಆಸುಪಾಸಿನ ಕಚೇರಿಗಳಲ್ಲಿ ನಡೆಯುವುದು ತಲೆಯ ಕೆಲಸ; ಗಂಟೆ ಹೆಚ್ಚಿಸಿದ ಮಾತ್ರಕ್ಕೆ ಅದು ಸುಧಾರಿಸದು, ಅದಕ್ಕೆ ಬಿಡುವೂ ಬೇಕು. ಟೈಮ್‌ಶೀಟಿನ ಪ್ರತಿ ಚೌಕವೂ ಗ್ರಾಹಕರ ಬೇಡಿಕೆಯಿಂದಲೇ ತುಂಬಿಹೋದರೆ ಹಳೆಯ ಕೋಡ್ ತಿದ್ದಲು, ಪರೀಕ್ಷೆಗಳನ್ನು ಬರೆಯಲು, ವಾರವಾರವೂ ಕೈಯಿಂದ ಮಾಡುವ ಕೆಲಸವನ್ನು ಒಂದು ಸ್ಕ್ರಿಪ್ಟ್‌ಗೆ ಒಪ್ಪಿಸಲು ವೇಳೆ ಉಳಿಯದು. ಹಾಗೆ ಮುಂದೂಡಿದ ದೋಷವೇ ನಡುರಾತ್ರಿ ಸರ್ವರ್ ನಿಲ್ಲಿಸಿ, ಅದೇ ದಣಿದ ಎಂಜಿನಿಯರನ್ನು ಹಾಸಿಗೆಯಿಂದ ಎಬ್ಬಿಸುತ್ತದೆ. ಇಂಥ ಬಿಡುವಿಗೆ ಉದಾಹರಣೆಯೂ ಉಂಟು. ನೌಕರರು ತಮ್ಮ ವೇಳೆಯ ಶೇ 20ರಷ್ಟನ್ನು, ಕಂಪನಿಗೆ ಹೆಚ್ಚು ಪ್ರಯೋಜನವಾದೀತು ಎಂದು ತಮಗೇ ತೋರುವ ಕೆಲಸಕ್ಕೆ ಕೊಡಲು ಉತ್ತೇಜಿಸುತ್ತೇವೆ ಎಂದು ಗೂಗಲ್ ಸ್ಥಾಪಕರು 2004ರಲ್ಲಿ ಷೇರುದಾರರಿಗೇ ಬರೆದಿದ್ದರು. ಗೂಗಲ್ ನ್ಯೂಸ್‌ನ ಮೊದಲ ಮಾದರಿ ಸಿದ್ಧವಾದದ್ದು ಆ ವೇಳೆಯಲ್ಲೇ. ದುಡಿಮೆಯ ಗಂಟೆ ಹೆಚ್ಚಿಸುವ ಈ ಪ್ರಸ್ತಾವವನ್ನು ಸರ್ಕಾರ ಪೂರ್ತಿಯಾಗಿ ಕೈಬಿಡಬೇಕು. ಕಂಪನಿಗಳೂ ವಾರಕ್ಕೆ ಅರ್ಧ ದಿನವನ್ನಾದರೂ ಎಂಜಿನಿಯರ್‌ಗಳ ವಿವೇಚನೆಗೆ ಬಿಡಲಿ. ಅದನ್ನು ಶನಿವಾರದ ರಜೆಯಿಂದ ಕಿತ್ತುಕೊಳ್ಳದೆ, ಕಚೇರಿಯ ವೇಳೆಯಲ್ಲೇ ಕೊಡಲಿ.