ಸೈನ್ಯದ ನೆಲೆಗಳೂ ನೆರೆಯ ಹಳ್ಳಿಗಳೂ

ಚಿಂಚೋಳಿಯಲ್ಲಿರುವ ನನ್ನ ಸೋದರಮಾವನ ಊರಿನಲ್ಲಿ ಆಗಾಗ ಬೀದರದ ತರಬೇತಿ ವಿಮಾನಗಳ ಸಪ್ಪಳ ಕೇಳಿಬರುತ್ತದೆ. ತೊಗರಿ ಹೊಲದಲ್ಲಿ ಕಳೆ ತೆಗೆಯುವವರು ಗಳಿಗೆ ಹೊತ್ತು ತಲೆಯೆತ್ತಿ ನೋಡಿ ಮತ್ತೆ ಬಾಗುತ್ತಾರೆ. ಆ ವಾಯುನೆಲೆಗೂ ತಮಗೂ ಏನಾದರೂ ಸಂಬಂಧವಿದೆಯೆಂದು ಅವರಿಗೆ ಅನಿಸಿದಂತಿಲ್ಲ. ದೇಶರಕ್ಷಣೆ ಕೇಂದ್ರ ಸರಕಾರದ ಕೆಲಸ, ರಾಜ್ಯ ಸರಕಾರಕ್ಕೆ ಅದರಲ್ಲೇನಿದೆ ಎಂದು ನಮ್ಮ ವಿದ್ಯಾರ್ಥಿ ಮಿತ್ರರೂ ಕೇಳುವದುಂಟು. ಈ ಮಾತು ನನಗೆ ಒಪ್ಪಿಗೆಯಾಗದು.

ಸೈನ್ಯದ ನೆಲೆಗೆ ಮೊದಲು ಬೇಕಾದುದು ಭೂಮಿ. ಕಾರವಾರದ ಸೀಬರ್ಡ್ ಯೋಜನೆಗೆ ಅದನ್ನು ಜನರಿಂದ ಪಡೆದು ಕೊಟ್ಟುದು ನಮ್ಮ ರಾಜ್ಯ ಸರಕಾರವೇ. 1986ರಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ಅಡಿಗಲ್ಲಿಟ್ಟರು. 2005ರ ಮೇ 31ರಂದು ಐ.ಎನ್.ಎಸ್. ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಈ ನೆಲೆಗಾಗಿ ಅರಗಾ ಮೊದಲಾದ 13 ಹಳ್ಳಿಗಳ 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಬನವಾಸಿಯ ಅರಸುಮನೆತನದ ಹೆಸರು ನೆಲೆಗೆ ಬಂದುದಕ್ಕೆ ನಾವೆಲ್ಲ ಹೆಮ್ಮೆಪಟ್ಟೆವು. (ಹೆಸರಿಡುವದರಲ್ಲಿ ನಾವು ಯಾವಾಗಲೂ ಮುಂದು!) ಆದರೆ ಹೆಚ್ಚಿನ ಪರಿಹಾರಕ್ಕಾಗಿ ಆ ಹಳ್ಳಿಗಳ ಜನ ವರುಷಾನುಗಟ್ಟಲೆ ಕೋರ್ಟು ಕಚೇರಿಗಳಿಗೆ ಅಲೆಯಬೇಕಾಯಿತು. ಅವರಲ್ಲಿ ಮೀನುಗಾರರಿದ್ದರು. ಕಡಲು ತಪ್ಪಿದವನಿಗೆ ಗುಂಟೆಯ ಲೆಕ್ಕದಲ್ಲಿ ಪರಿಹಾರ ಕೊಡುವದೆಂತು? ಅವನ ಹೆಸರಿನಲ್ಲಿ ಸಮುದ್ರದ ಪಹಣಿ ಇರುವದಿಲ್ಲ.

ಭೂಮಿ ಹೋದ ಮೇಲಿನ ಬಾಳು ಶಹಾಬಾದ, ವಾಡಿ, ಸೇಡಂ, ಚಿತ್ತಾಪುರದ ನಮಗೆ ಹೊಸದಲ್ಲ. ಫರಸಿಯ ಖಣಿಗೂ ಸಿಮೆಂಟಿನ ಕಾರಖಾನೆಗೂ ಹೊಲ ಕೊಟ್ಟವರು ನಾವು. ನಮ್ಮ ಅಜ್ಜನಿಗೆ ಬಂದ ಹಣ ಇಬ್ಬರು ಅತ್ತೆಯಂದಿರ ಮದುವೆಗೆ ಮುಗಿಯಿತು. ಅಪ್ಪ ಅದೇ ಹೊಲದಲ್ಲಿ ಕಲ್ಲೊಡೆಯುವ ಕೂಲಿಯಾದರು. ದೇಶಕ್ಕಾಗಿ ಕೊಟ್ಟ ಹೊಲದ ಕಥೆಯೂ ಹೀಗೆಯೇ ಆಗಬೇಕೆ?

ಬೀದರದಲ್ಲಿ ತುಸು ಬೇರೆ ದಾರಿ ಕಾಣುತ್ತದೆ. ವಾಯುಸೇನೆಯ ಓಡುದಾರಿಯಿಂದಲೇ 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ನಾಗರಿಕ ವಿಮಾನ ಹೊರಟಿತು. ನಡುವೆ ನಿಂತು 2025ರಲ್ಲಿ ಮತ್ತೆ ಆರಂಭವಾಯಿತು. ಒಳ್ಳೆಯದೇ. ಆದರೆ ನಮ್ಮಲ್ಲಿ ವಿಮಾನದ ಟಿಕೇಟು ಬೇಕಾದವರಿಗಿಂತ ಕೆಲಸ ಬೇಕಾದವರು ಹೆಚ್ಚು. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿ ನಮ್ಮ ಭಾಗಕ್ಕೆ ಮೀಸಲಾತಿ ಕೊಟ್ಟಿರುವದೇನೋ ನಿಜ. ಉದ್ಯೋಗದ ಮಟ್ಟಿಗೆ ಅದು ರಾಜ್ಯ ಸರಕಾರದ ಅಧೀನದ ಹುದ್ದೆಗಳಿಗೆ ಮಾತ್ರ. ಸೈನ್ಯದ ಬೇಲಿಯೊಳಗಿನ ಹುದ್ದೆಗಳಿಗೆ ತಾಗದು.

ಆದುದರಿಂದ ರಾಜ್ಯ ಸರಕಾರ ಬೇಲಿಯ ಹೊರಗೆ ತನ್ನ ಕೈಲಾದುದನ್ನು ಮಾಡಲಿ. ಭೂಮಿ ಒಪ್ಪಿಸುವ ಮೊದಲೇ ಪರಿಹಾರ ಪೂರ್ತಿ ಸಂದಾಯವಾಗಲಿ. ನೆಲೆಯ ಅಡಿಗೆಮನೆಗೆ ನೆರೆಯ ರೈತರ ಬೇಳೆಯೇ ಹೋಗುವಂತೆ ಕೇಂದ್ರದೊಡನೆ ಮಾತನಾಡಲಿ. ಎಲ್ಲಕ್ಕಿಂತ ಮೊದಲು, ಸುತ್ತಲಿನ ತಾಲೂಕುಗಳ ಹುಡುಗ ಹುಡುಗಿಯರನ್ನು ಸೇನೆಯ ಪರೀಕ್ಷೆಗಳಿಗೆ ಶುಲ್ಕವಿಲ್ಲದೆ ತಯಾರು ಮಾಡುವ ಶಾಲೆ ತೆರೆಯಲಿ.

ಮಾವನ ಮಗ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದಾನೆ. ವಿಮಾನ ಹಾರಿಸುವವರ ಪರೀಕ್ಷೆಗೆ ಎಲ್ಲಿ ತಯಾರಿಯಾಗಬೇಕೆಂದು ಕಳೆದ ದೀಪಾವಳಿಗೆ ನನ್ನನ್ನು ಕೇಳಿದ. ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ ನೋಡಿ. ವಿಚಾರಿಸಿ ಹೈದರಾಬಾದಿನ ಒಂದು ತರಗತಿಯ ಹೆಸರು ಹೇಳಿದೆ. ಅಲ್ಲಿಯ ಶುಲ್ಕ ಕೇಳಿ ಮಾವ ಸುಮ್ಮನೆ ಎದ್ದು ಎತ್ತಿಗೆ ನೀರು ಕುಡಿಸಲು ಹೋದರು.