ಗುಟ್ಟು ಕಾಯುವವರು ದಡವನ್ನೂ ಕಾಯಲಿ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಪ್ಯೂಜೆಟ್ ಸೌಂಡ್ ಎಂಬ ಕಡಲ ತೋಳು ನೆಲದೊಳಕ್ಕೆ ಬಹುದೂರ ಚಾಚಿಕೊಂಡಿದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೋಹೋ ಸಾಲ್ಮನ್ ಮೀನುಗಳು ಈ ದಾರಿಯಾಗಿ ತಾವು ಹುಟ್ಟಿದ ಹೊಳೆಗಳಿಗೆ ಮರಳುತ್ತವೆ. ಕೆಲವು ಕಡೆ ದಡದಿಂದ ಎಸೆದ ಗಾಳಕ್ಕೆ ಸಿಗುವಷ್ಟು ಹತ್ತಿರ ಬರುತ್ತವೆ. ದೋಣಿ ಇಲ್ಲದವರ ಸುಗ್ಗಿ ಇದು. ಅದಕ್ಕೆ ಮೊದಲು ನಿಲ್ಲಲು ಒಳ್ಳೆಯ ಜಾಗ ಹುಡುಕಿಕೊಳ್ಳಬೇಕು.

ಹುಡುಕುವುದಕ್ಕೊಂದು ಕ್ರಮವಿದೆ. ನಾವಿಕರ ನಕ್ಷೆಯಲ್ಲಿ ಆಳದ ಗೆರೆಗಳು ದಡದ ಬಳಿಯೇ ಒತ್ತಾಗಿದ್ದರೆ ಅಲ್ಲಿ ನೀರು ಬೇಗ ಆಳವಾಗುತ್ತದೆ. ಪಕ್ಕದಲ್ಲೊಂದು ಭೂಶಿರವಿದ್ದರೆ ಇನ್ನೂ ಒಳ್ಳೆಯದು. ಉಬ್ಬರ ಇಳಿತದ ಸೆಳೆತ ಅದನ್ನು ಬಳಸಿ ಹೋಗುವಾಗ ಸುಳಿ ಏಳುತ್ತದೆ, ಸಣ್ಣ ಮೀನು ಅಲ್ಲಿ ಗುಂಪುಗೂಡುತ್ತದೆ, ಅದನ್ನು ತಿನ್ನಲು ಕೋಹೋ ಬರುತ್ತದೆ. ಆಮೇಲೆ ನೀರು ತೀರ ಇಳಿದ ದಿನ ಬರಿಗೈಯಲ್ಲಿ ಹೋಗಿ, ಎಲ್ಲಿ ಬಂಡೆ, ಎಲ್ಲಿ ಪಾಚಿ, ಎಲ್ಲಿ ಜಲ್ಲಿಯ ಇಳಿಜಾರು ಎಂದು ನಡೆದು ನೋಡಿಬರಬೇಕು.

ಇಷ್ಟು ಪಾಡುಪಟ್ಟವರು ಜಾಗದ ಹೆಸರು ಬಾಯಿಬಿಡದಿದ್ದರೆ ತಪ್ಪೇನಿಲ್ಲ. ನಾಲ್ವರಿಗೆ ಗೊತ್ತಾದರೆ ಮರುವಾರ ನಲವತ್ತು ಜನ ಬಂದು ನಿಲ್ಲುತ್ತಾರೆ. ಆದರೆ ದಡ ಇಕ್ಕಟ್ಟಾಗಿದ್ದಕ್ಕೆ ಪಕ್ಕದಲ್ಲಿ ಗಾಳ ಹಾಕುವವನನ್ನು ದೂರಿ ಫಲವಿಲ್ಲ. 1889ರಲ್ಲಿ ರಾಜ್ಯವಾದಾಗಿನಿಂದ ವಾಷಿಂಗ್ಟನ್ ಸರ್ಕಾರ, ಉಬ್ಬರ ಇಳಿತಗಳ ನಡುವೆ ಮುಳುಗೇಳುವ ದಡವನ್ನು ಖಾಸಗಿಯವರಿಗೆ ಮಾರುತ್ತ ಬಂತು. 1971ರಲ್ಲಿ ಅದು ನಿಂತಿತು. ಇವತ್ತು ಪ್ಯೂಜೆಟ್ ಸೌಂಡಿನ ಇಂಥ ದಡದಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿ ಸ್ವತ್ತು. ನಕ್ಷೆಯಲ್ಲಿ ಆಸೆ ಹುಟ್ಟಿಸುವ ಎಷ್ಟೋ ಜಾಗಗಳಲ್ಲಿ ಗಾಳ ಹಾಕಲು ಮಾಲೀಕರ ಅಪ್ಪಣೆ ಬೇಕು. ಹಾಗಾಗಿ ಎಲ್ಲರೂ ಉಳಿದಿರುವ ಸಾರ್ವಜನಿಕ ದಡಗಳಿಗೇ ಮುಗಿಬೀಳುತ್ತಾರೆ.

ದಡ ಉಳಿಸಿಕೊಳ್ಳುವುದು ಹೇಗೆಂದು ತಿಳಿಯಲು ಅಲ್ಲಿನ ಮೂಲನಿವಾಸಿಗಳ ಕಡೆ ನೋಡಬೇಕು. ಇಂದು ಕೋಹೋ ಹಿಡಿಯುವವರು ಸಾಲುಗಟ್ಟಿ ನಿಲ್ಲುವ ಪಾಯಿಂಟ್ ನೋ ಪಾಯಿಂಟ್‌ನಲ್ಲೇ 1855ರಲ್ಲಿ ಸ್ಕ್ಲಾಲಮ್, ಸ್ಕೋಕೋಮಿಶ್, ಚಿಮಾಕಮ್ ಜನರ ಜೊತೆ ಅಮೆರಿಕ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಅವರು ನೆಲ ಬಿಟ್ಟುಕೊಟ್ಟರೂ, ರೂಢಿಯಿಂದ ಮೀನು ಹಿಡಿಯುತ್ತಿದ್ದ ಜಾಗಗಳ ಹಕ್ಕನ್ನು ಉಳಿಸಿಕೊಂಡರು. ಆ ಕಾಲದ ಇಂಥ ಒಪ್ಪಂದಗಳನ್ನು ರಾಜ್ಯ ದಶಕಗಳ ಕಾಲ ಕಡೆಗಣಿಸಿತು. ಹಕ್ಕು ಬಿಡದೆ ಬಲೆ ಹಾಕಿದ್ದಕ್ಕೆ ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ 50ಕ್ಕೂ ಹೆಚ್ಚು ಸಲ ಬಂಧನಕ್ಕೊಳಗಾದರು. ಕೊನೆಗೆ 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧದವರೆಗೆ ಒಪ್ಪಂದದ ಬುಡಕಟ್ಟುಗಳಿಗೆ ಸೇರಬೇಕೆಂದು ತೀರ್ಪಿತ್ತರು. ಎಲ್ಲರ ಕಣ್ಣೆದುರು ನಿಂತು ಜಗಳವಾಡಿದ್ದರಿಂದ ಆ ಜಾಗಗಳು ಉಳಿದವು. 'ಹೊಸ ಜಾಗ ಸಿಕ್ಕಿತು' ಎಂದು ಬೀಗುವ ಗಾಳಗಾರ ಅಲ್ಲಿ ಯಾರು ಯಾರು ಮೊದಲು ಬಲೆ ಒಣಗಿಸಿದ್ದರೆಂದು ಒಂದು ಗಳಿಗೆ ಯೋಚಿಸುವುದು ಒಳ್ಳೆಯದು.

ಹೆಚ್ಚು ಜನ ಬಂದರೆ ಮೀನೇ ಮುಗಿದುಹೋಗುತ್ತದೆ ಎಂಬ ವಾದವುಂಟು. ಅದಕ್ಕೆ ದಿನಕ್ಕೆ ಇಷ್ಟೇ ಮೀನು, ಇಂಥ ಕಾಲದಲ್ಲಿ ಮಾತ್ರ ಎಂಬ ಕಟ್ಟುಪಾಡುಗಳಿವೆ. ಗಾಳಗಾರ ತನ್ನ ಗುಟ್ಟಿನ ಜಾಗವನ್ನು ಯಾರಿಗೂ ಹೇಳದಿರಲಿ. ಆದರೆ ಜಾಗ ಹುಡುಕುತ್ತ ಅಲೆಯುವಾಗ ಊರಿನ ಬೀದಿ ನೀರಿಗೆ ಮುಟ್ಟುವ ಕೊನೆಯಲ್ಲಿ ಯಾರಾದರೂ ಬೇಲಿ ಹಾಕಿದ್ದು ಕಂಡರೆ, ನಗರಸಭೆಗೆ ಬರೆದು ಕೇಳಲಿ. ಸಾರ್ವಜನಿಕ ದಾರಿ ಮುಚ್ಚುವ ಪ್ರಸ್ತಾಪ ಬಂದ ದಿನ ಸಭೆಯಲ್ಲಿ ಎದ್ದು ಮಾತಾಡಲಿ. ಅಲ್ಲಿ ಸುಮ್ಮನಿದ್ದರೆ ಮುಂದಿನ ಸುಗ್ಗಿಗೆ ಮೀನು ಬಂದರೂ ಅವನಿಗೆ ನಿಲ್ಲಲು ದಡವಿರುವುದಿಲ್ಲ.