ಯಾವ ಅಂಗಾಂಶದಲ್ಲಿ, ಯಾವ ಸಹವಾಸದಲ್ಲಿ?

‘ಇಂಥ ಪ್ರೋಟೀನಿನ ಕೆಲಸ ಇಂಥದು’ ಎಂದು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದುಂಟು. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ದೇಹದ ವ್ಯಾಪಾರವನ್ನು ಅರಿಯುವುದಕ್ಕೆ ಸಾಲದು. ಪ್ರೋಟೀನು ಒಂಟಿಯಾಗಿ ದುಡಿಯುವುದು ವಿರಳ. ಬೇರೆ ಪ್ರೋಟೀನುಗಳೊಡನೆ ಕೂಡಿಯೇ ಅದು ಕೆಲಸ ಮಾಡುತ್ತದೆ. ಆ ಸಂಗಾತಿಗಳು ಅಂಗಾಂಶದಿಂದ ಅಂಗಾಂಶಕ್ಕೆ ಬದಲಾಗುತ್ತವೆ.

ಇದಕ್ಕೆ ಕಾರಣವುಂಟು. ಪ್ರೋಟೀನುಗಳನ್ನು ನಿರ್ದೇಶಿಸುವ ಸುಮಾರು ೨೦,೦೦೦ ಜೀನುಗಳು ಯಕೃತ್ತಿನ ಕೋಶದಲ್ಲಿಯೂ ಇವೆ, ನರಕೋಶದಲ್ಲಿಯೂ ಇವೆ. ಆದರೆ ಅವೆಲ್ಲವೂ ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿ ಕಾರ್ಯನಿರತವಾಗಿರುವುದಿಲ್ಲ. ಸಂಗಾತಿಯೇ ಇಲ್ಲದ ಕಡೆ ಕೂಟವೆಲ್ಲಿಯದು?

ಇದು ಬರಿಯ ಪಾಂಡಿತ್ಯದ ಮಾತಲ್ಲ, ರೋಗಿಯ ಪ್ರಾಣಕ್ಕೆ ಸಂಬಂಧಿಸಿದ ಮಾತು. ಟಾಮೊಕ್ಸಿಫೆನ್ ಎಂಬ ಔಷಧಿಯನ್ನೇ ನೋಡಿ. ಈಸ್ಟ್ರೋಜನ್ ಹಾರ್ಮೋನು ಹಲವು ಸ್ತನ ಕ್ಯಾನ್ಸರುಗಳನ್ನು ಪೋಷಿಸುತ್ತದೆ. ಹಾರ್ಮೋನು ಅಂಟಿಕೊಳ್ಳಬೇಕಾದ ಗ್ರಾಹಕ ಪ್ರೋಟೀನಿಗೆ ಟಾಮೊಕ್ಸಿಫೆನ್ ತಾನೇ ಅಂಟಿಕೊಂಡು ಆ ಪೋಷಣೆಯನ್ನು ತಡೆಯುತ್ತದೆ. ಇದರಿಂದ ಆಯುಸ್ಸು ಪಡೆದ ಸ್ತ್ರೀಯರು ಅನೇಕರು. ಆದರೆ ಗರ್ಭಕೋಶದ ಒಳಪೊರೆಯಲ್ಲಿ ಅದೇ ಔಷಧಿ, ಅದೇ ಗ್ರಾಹಕಕ್ಕೆ ಅಂಟಿಕೊಂಡು, ಈಸ್ಟ್ರೋಜನ್ನಿನಂತೆಯೇ ವರ್ತಿಸುತ್ತದೆ. ಮುಖ್ಯವಾಗಿ ಮುಟ್ಟು ನಿಂತವರಲ್ಲಿ ಅಲ್ಲಿಯ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ.

ಈ ವೈಪರೀತ್ಯವೇಕೆ? ೨೦೦೨ರಲ್ಲಿ ಷಾಂಗ್ ಮತ್ತು ಬ್ರೌನ್ ಎಂಬ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಇದನ್ನು ಪರಿಶೀಲಿಸಿದರು. ಸ್ತನದ ಕೋಶಗಳಲ್ಲಿ ಔಷಧಿ ಹೊತ್ತ ಗ್ರಾಹಕವು ಜೀನುಗಳನ್ನು ಅಡಗಿಸುವ ಪ್ರೋಟೀನುಗಳೊಡನೆ ಕೂಡುತ್ತಿತ್ತು. ಗರ್ಭಕೋಶದ ಕೋಶಗಳಲ್ಲಿಯಾದರೋ ಎಸ್‌ಆರ್‌ಸಿ-೧ ಎಂಬ ಉತ್ತೇಜಕ ಪ್ರೋಟೀನು ಹೇರಳವಾಗಿದ್ದು, ಕೆಲವು ಜೀನುಗಳ ಬಳಿ ಗ್ರಾಹಕವು ಅಂಥ ಉತ್ತೇಜಕಗಳನ್ನೇ ಸೇರುತ್ತಿತ್ತು. ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ಪ್ರೋಟೀನಿಗೂ ಸಲ್ಲುವಂತಿದೆ!

೨೦೨೦ರಲ್ಲಿ ಮಾನವ ಪ್ರೋಟೀನುಗಳ ಸುಮಾರು ೫೩,೦೦೦ ಜೋಡಿಗಳ ನಕ್ಷೆಯೊಂದು ಪ್ರಕಟವಾಯಿತು. ಅದು ಮಹತ್ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಜೋಡಿಗಳನ್ನು ಗುರುತಿಸಿದ್ದು ಯೀಸ್ಟ್ ಕೋಶಗಳೊಳಗೆ. ಯಾವ ಜೋಡಿ ಯಾವ ಅಂಗಾಂಶದಲ್ಲಿರಬಹುದೆಂದು ಬೇರೆ ಮಾಹಿತಿಯ ನೆರವಿನಿಂದ ಊಹಿಸಲಾಗಿದೆ. ‘ಕೂಡಬಲ್ಲವು’ ಎಂಬುದು ಬೇರೆ, ‘ಇಲ್ಲಿ ಕೂಡಿವೆ’ ಎಂಬುದು ಬೇರೆ.

ವಿದ್ಯಾರ್ಥಿಗೆ ಇಷ್ಟೆಲ್ಲ ಹೊರೆ ಬೇಕೆ ಎಂದು ಕೆಲವರು ಕೇಳಬಹುದು. ಹೊಸ ಹೆಸರುಗಳನ್ನು ಕಲಿಯಿರೆಂದು ನಾನು ಹೇಳುತ್ತಿಲ್ಲ. ಪ್ರೋಟೀನಿನ ಹೆಸರು ಬಂದಾಗಲೆಲ್ಲ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸವಾದರೆ ಸಾಕು: ಯಾವ ಅಂಗಾಂಶದಲ್ಲಿ? ಯಾವ ಸಹವಾಸದಲ್ಲಿ? ಒಂದು ಅಂಗವನ್ನು ಕಾಯುವ ಔಷಧಿ ಇನ್ನೊಂದನ್ನು ನೋಯಿಸದಂತೆ ಮಾಡಬೇಕಾದವರು ನಾಳೆ ಇದೇ ವಿದ್ಯಾರ್ಥಿಗಳಲ್ಲವೆ?